ಒದ್ದೆ ರಸ್ತೆಯಲ್ಲಿ ಸೈಕಲ್ ಜಾರುತ್ತಿದೆ: ಕಚ್ಚುಗಳಿರುವ ಟೈರ್ ಹಾಕಿಸಿದರೆ ಸರಿಹೋಗುವುದೇ?

ಪ್ರಶ್ನೆ

ಕೆಲಸಕ್ಕೆ ಹೋಗಿಬರಲು ನಾನು ದಿನಕ್ಕೆ ಸುಮಾರು 18 ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ, ಮಳೆಗಾಲದಲ್ಲೂ ಬಿಟ್ಟವನಲ್ಲ. ಕಳೆದ ವಾರ, ಬಹಳ ದಿನಗಳ ಬಿಸಿಲಿನ ನಂತರ ತುಂತುರು ಹನಿ ಆಗಷ್ಟೇ ಬೀಳತೊಡಗಿದ್ದಾಗ, ದಿನವೂ ಹೋಗುವ ಎಡ ತಿರುವಿನಲ್ಲೇ ಮುಂದಿನ ಚಕ್ರ ಸರಕ್ಕನೆ ಹೊರಕ್ಕೆ ಜಾರಿತು. ಬ್ರೇಕ್ ಹಿಡಿಯಬೇಕೆಂಬ ಯೋಚನೆ ಬರುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ದೊಡ್ಡ ಪೆಟ್ಟೇನೂ ಆಗಲಿಲ್ಲ, ಆದರೆ ಅಂದಿನಿಂದ ರಸ್ತೆ ಒದ್ದೆಯಾಗಿದ್ದರೆ ಪ್ರತಿ ತಿರುವಿನಲ್ಲೂ ಎದೆ ಹೊಡೆದುಕೊಳ್ಳುತ್ತದೆ.

ನನ್ನ ಟೈರುಗಳು 28 ಮಿಲಿಮೀಟರ್ ಅಗಲದವು. ಹಾಕಿಸಿ ನಾಲ್ಕು ವರ್ಷವಾಗಿದ್ದು, ನಡುಭಾಗ ಪೂರ್ತಿ ನುಣುಪಾಗಿದೆ. ಟೈರಿನ ಬದಿಯಲ್ಲಿ ಗರಿಷ್ಠ 100 ಪಿಎಸ್‌ಐ ಎಂದು ಬರೆದಿರುವುದರಿಂದ ಎರಡೂ ಚಕ್ರಗಳಿಗೆ ಅಷ್ಟೇ ಗಾಳಿ ಹೊಡೆಯುತ್ತೇನೆ. ಕಾರಿನ ಟೈರಿನ ಕಚ್ಚು ಸವೆದರೆ ಮಳೆಯಲ್ಲಿ ಓಡಿಸಬಾರದು ಎನ್ನುವಂತೆಯೇ ಸೈಕಲ್ಲಿಗೂ ಆಳವಾದ ಕಚ್ಚುಗಳಿರುವ ಟೈರ್ ಬೇಕು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವೇ? ನಾನು ಮತ್ತು ಸೈಕಲ್ ಸೇರಿ ತೂಕ ಸುಮಾರು 80 ಕಿಲೋ.

ಉತ್ತರ 1

ನಿಮ್ಮ ಸಹೋದ್ಯೋಗಿಯವರು ಕಾರಿನ ವಿಷಯದಲ್ಲಿ ಹೇಳಿದ್ದು ಸರಿ. ಸೈಕಲ್ಲಿಗೆ ಅದು ಅನ್ವಯಿಸುವುದಿಲ್ಲ.

ಕಾರಿನ ಟೈರ್ ಅಗಲವಾಗಿ, ಚಪ್ಪಟೆಯಾಗಿ ನೆಲಕ್ಕೆ ಕೂರುತ್ತದೆ. ಅದರೊಳಗಿನ ಗಾಳಿಯ ಒತ್ತಡ ಮೂವತ್ತು ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ. ಅದು ಓಡುವ ವೇಗವೂ ಹೆಚ್ಚು. ಈ ಮೂರೂ ಸೇರಿದಾಗ ಟೈರಿನಡಿಯ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಸಾಲದೆ, ಚಕ್ರ ನೀರಿನ ಪದರದ ಮೇಲೆ ತೇಲಿಬಿಡುತ್ತದೆ. ಆ ನೀರಿಗೆ ದಾರಿ ಮಾಡಿಕೊಡುವುದಕ್ಕಾಗಿಯೇ ಅಲ್ಲಿ ಕಚ್ಚುಗಳಿರುವುದು. ಸೈಕಲ್ ಟೈರ್ ಕಿರಿದು, ಅದರ ಮೈ ದುಂಡಗೆ, ಒತ್ತಡ ಹೆಚ್ಚು; ದೋಣಿಯ ಮೂತಿಯಂತೆ ಅದು ನೀರನ್ನು ತಾನೇ ಸೀಳಿಕೊಂಡು ಹೋಗುತ್ತದೆ. ವಿಮಾನದ ಟೈರುಗಳನ್ನು ಪರೀಕ್ಷಿಸಿ ನಾಸಾ 1963ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಸರಳ ಸೂತ್ರವಿದೆ: ಪಿಎಸ್‌ಐನಲ್ಲಿರುವ ಒತ್ತಡದ ವರ್ಗಮೂಲವನ್ನು 10.35ರಿಂದ ಗುಣಿಸಿದರೆ, ಟೈರ್ ತೇಲತೊಡಗುವ ವೇಗ ಗಂಟೆಗೆ ಇಷ್ಟು ಮೈಲಿ ಎಂದು ಸಿಗುತ್ತದೆ. ನಿಮ್ಮ 100 ಪಿಎಸ್‌ಐಗೆ ಅದು ಗಂಟೆಗೆ ಸುಮಾರು 166 ಕಿಲೋಮೀಟರ್. ಗಾಳಿಯನ್ನು 60ಕ್ಕೆ ಇಳಿಸಿದರೂ 129 ಕಿಲೋಮೀಟರ್. ಕೆಲಸಕ್ಕೆ ಎಷ್ಟೇ ತಡವಾಗಿದ್ದರೂ ನೀವು ಆ ವೇಗದಲ್ಲಿ ತುಳಿಯಲಾರಿರಿ.

ಡಾಂಬರಿನ ಮೇಲೆ ಹಿಡಿತ ಹುಟ್ಟುವುದು ಬೇರೆ ರೀತಿಯಲ್ಲಿ. ಕೈಯಿಂದ ಸವರಿದರೆ ಡಾಂಬರು ಉಪ್ಪುಕಾಗದದಂತೆ ತರಿತರಿಯಾಗಿರುತ್ತದೆ. ಮೆತ್ತನೆಯ ರಬ್ಬರು ಆ ತರಿಗಳ ನಡುವೆ ಒತ್ತಿ ಇಳಿದು ಕಚ್ಚಿಕೊಳ್ಳುತ್ತದೆ. ಅಂದರೆ ಕಚ್ಚುಗಳು ರಸ್ತೆಯಲ್ಲೇ ಇವೆ. ಉಬ್ಬುಬ್ಬಾದ ಗುಬಟುಗಳಿರುವ ಟೈರನ್ನು ಡಾಂಬರಿನ ಮೇಲೆ ಓಡಿಸಿದಾಗ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗುವುದಲ್ಲದೆ, ತಿರುವಿನಲ್ಲಿ ಆ ಗುಬಟುಗಳು ಬಾಗಿ ಹಿಡಿತ ಇನ್ನಷ್ಟು ತಗ್ಗುತ್ತದೆ. ನಿಮ್ಮ ದಾರಿಯಲ್ಲಿ ಕೆಸರು, ಸಡಿಲ ಮಣ್ಣು ಇದ್ದರೆ ಮಾತು ಬೇರೆ. ಅಲ್ಲಿ ಗುಬಟುಗಳು ನೆಲಕ್ಕೆ ಊರಿಕೊಳ್ಳುತ್ತವೆ.

ಉತ್ತರ 2

ನೀವು ಬಿದ್ದ ಜಾಗದಲ್ಲಿ ಬಿಳಿ ಪಟ್ಟೆ ಇತ್ತೇ, ಕಬ್ಬಿಣದ ಮುಚ್ಚಳ ಇತ್ತೇ ಎಂದು ಒಮ್ಮೆ ಹೋಗಿ ನೋಡಿ. ಬಣ್ಣ ಮತ್ತು ಕಬ್ಬಿಣದ ಮೈಯಲ್ಲಿ ರಬ್ಬರು ಇಳಿದು ಕೂರಲು ತರಿಗಳೇ ಇರುವುದಿಲ್ಲವಾದ್ದರಿಂದ, ಒದ್ದೆಯಾದಾಗ ಅವು ಡಾಂಬರಿಗಿಂತ ಬಹಳ ಹೆಚ್ಚು ಜಾರುತ್ತವೆ. ಮೊದಲ ಹನಿಗಳ ಸಮಯವಂತೂ ಕೆಟ್ಟದ್ದು. ದಿನಗಟ್ಟಲೆ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು, ಸವೆದ ರಬ್ಬರಿನ ಪುಡಿ ಸ್ವಲ್ಪ ನೀರಿನೊಡನೆ ಕಲೆತು ಲೋಳೆಯಾಗುತ್ತವೆ. ಜೋರು ಮಳೆ ಸ್ವಲ್ಪ ಹೊತ್ತು ಸುರಿದು ಅದನ್ನು ತೊಳೆದ ಮೇಲೆ ಅದೇ ರಸ್ತೆ ಮೊದಲಿಗಿಂತ ವಾಸಿಯಾಗುತ್ತದೆ. ಮಳೆ ಜೋರಾದಾಗ ಹೆದರುವವರು ತುಂತುರಿಗೆ ಹೆದರದಿರುವುದು ನನಗೆ ಯಾವಾಗಲೂ ವಿಚಿತ್ರವೆನಿಸಿದೆ.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ತಿರುವಿನಲ್ಲಿ ಬೇಕಾಗುವ ಘರ್ಷಣೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ತಿರುವಿನ ತ್ರಿಜ್ಯ 8 ಮೀಟರ್ ಎಂದುಕೊಳ್ಳಿ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತಿರುಗಿದರೆ ಬೇಕಾಗುವ ಘರ್ಷಣಾ ಗುಣಾಂಕ ಸುಮಾರು 0.61, ಗಂಟೆಗೆ 18 ಕಿಲೋಮೀಟರಿಗೆ ಇಳಿದರೆ 0.32 ಸಾಕು. ಒಣ ಡಾಂಬರು ಸುಮಾರು 0.8 ಕೊಡುತ್ತದೆ, ಒದ್ದೆ ಡಾಂಬರು 0.5ರ ಆಸುಪಾಸು. ಬೇಸಿಗೆಯಿಡೀ ಸಲೀಸಾಗಿ ತಿರುಗುತ್ತಿದ್ದ ವೇಗವೇ ಅಂದು ನಿಮ್ಮನ್ನು ಕೆಡವಿರಬಹುದು. ತಿರುವಿಗೆ ಬರುವ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ, ಬ್ರೇಕ್ ಹಿಡಿದು ಮುಗಿಸಿಬಿಡಿ. ವಾಲಿದ ಮೇಲೆ ಹಿಡಿದರೆ ತಿರುಗುವುದಕ್ಕೂ ನಿಲ್ಲುವುದಕ್ಕೂ ಇರುವಷ್ಟೇ ಹಿಡಿತವನ್ನು ಹಂಚಿಕೊಳ್ಳಬೇಕಾಗುತ್ತದೆ. ಪಟ್ಟೆ ದಾಟಲೇಬೇಕಾದಾಗ ವಾಲದೆ ನೆಟ್ಟಗೆ ದಾಟಿ.

ಉತ್ತರ 3

ಮೇಲಿನ ಇಬ್ಬರೂ ಗಾಳಿಯ ವಿಷಯವನ್ನು ಹೆಚ್ಚು ಕೆದಕಲಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ದೊಡ್ಡ ತಪ್ಪು ಅದೇ. ಟೈರಿನ ಬದಿಯಲ್ಲಿ ಬರೆದಿರುವುದು ಮೀರಬಾರದ ಮಿತಿ. ಅಷ್ಟೇ ಗಾಳಿ ಇರಬೇಕೆಂದು ಅದರ ಅರ್ಥವಲ್ಲ. ನಿಮ್ಮ ಒಟ್ಟು ತೂಕದಲ್ಲಿ ಮುಂದಿನ ಚಕ್ರದ ಪಾಲು 32 ಕಿಲೋ ಎಂದಿಟ್ಟುಕೊಂಡರೆ, 100 ಪಿಎಸ್‌ಐನಲ್ಲಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ ಒತ್ತಡದಲ್ಲಿ, ನೆಲಕ್ಕೆ ತಾಗುವ ಜಾಗ ನಾಲ್ಕೂವರೆ ಚದರ ಸೆಂಟಿಮೀಟರ್ ಮಾತ್ರ. 60 ಪಿಎಸ್‌ಐನಲ್ಲಿ ಅದು ಏಳೂವರೆ ದಾಟುತ್ತದೆ. ಜಾಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹಿಡಿತವೂ ಹೆಚ್ಚುತ್ತದೆಂದು ತಿಳಿಯಬೇಡಿ. ನಿಜವಾದ ಲಾಭವೆಂದರೆ, ಕಲ್ಲಿನಂತೆ ಬಿಗಿದ ಟೈರ್ ಸಣ್ಣ ಉಬ್ಬುತಗ್ಗುಗಳ ಮೇಲೆ ಪುಟಿದು ಕ್ಷಣಕಾಲ ನೆಲ ಬಿಟ್ಟರೆ, ಸ್ವಲ್ಪ ಸಡಿಲವಿರುವ ಟೈರ್ ಅವನ್ನು ಅನುಸರಿಸಿಕೊಂಡು ಉರುಳುತ್ತದೆ. ಮುಂದೆ 60, ಹಿಂದೆ 70ರಿಂದ ಶುರುಮಾಡಿ. ಇನ್ನೂ ಇಳಿಸುತ್ತಾ ಹೋದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ರಬ್ಬರಿನ ವಯಸ್ಸನ್ನೂ ಪರೀಕ್ಷಿಸಿ. ಟೈರಿನ ನಡುವೆ ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ನೋಡಿ. ಗುರುತು ಮೂಡದೆ ಪ್ಲಾಸ್ಟಿಕ್ಕಿನಂತೆ ಉಗುರೇ ಜಾರಿದರೆ, ಆ ರಬ್ಬರು ಡಾಂಬರಿನ ತರಿಗಳೊಳಗೆ ಇಳಿಯುವ ಗುಣವನ್ನು ಕಳೆದುಕೊಂಡಿದೆ. ಹೊಸದನ್ನು ಕೊಳ್ಳುವುದಾದರೆ ಕಚ್ಚಿನ ವಿನ್ಯಾಸಕ್ಕಿಂತ ರಬ್ಬರಿನ ಮಿಶ್ರಣವನ್ನು ವಿಚಾರಿಸಿ. ಸಿಲಿಕಾ ಬೆರೆಸಿದ ರಬ್ಬರು ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಫೋರ್ಕಿನಲ್ಲಿ ಜಾಗವಿದ್ದರೆ 32 ಮಿಲಿಮೀಟರಿನದನ್ನೇ ಹಾಕಿಸಿ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಧನ್ಯವಾದ. ಇಂದು ಬೆಳಿಗ್ಗೆ ಆ ತಿರುವಿನಲ್ಲಿ ಇಳಿದು ನೋಡಿದೆ. ಪಾದಚಾರಿಗಳು ದಾಟುವ ಪಟ್ಟೆಯ ತುದಿ ಸರಿಯಾಗಿ ನಾನು ವಾಲುವ ಜಾಗಕ್ಕೇ ಬರುತ್ತದೆ. ಎಷ್ಟೋ ಸಲ ಬಳಿದ ಬಣ್ಣ ದಪ್ಪಗಟ್ಟಿ ಬೋಗುಣಿಯ ಮೈಯಂತೆ ನುಣುಪಾಗಿದೆ. ನಾಲ್ಕು ವರ್ಷ ಅದರ ಮೇಲೇ ಹಾದುಹೋಗಿದ್ದರೂ ಒಮ್ಮೆಯೂ ಗಮನಿಸಿರಲಿಲ್ಲ.

ಮುಂದಿನ ಟೈರಿಗೆ ಉಗುರು ಒತ್ತಿದರೆ ಗುರುತೇ ಮೂಡಲಿಲ್ಲ. ಗಾಳಿ ಬಿಟ್ಟು ಬದಿಯನ್ನು ಮಡಚಿದಾಗ ಬತ್ತಿದ ಕೆರೆಯ ಕೆಸರಿನಂತೆ ಬಿರುಕುಗಳು ಕಂಡವು. ಸದ್ಯಕ್ಕೆ ಒಂದೇ ಟೈರ್ ಕೊಳ್ಳುವ ಅನುಕೂಲವಿದೆ. ಮುಂದೆ ಹಾಕಿಸಲೇ, ಹಿಂದೆ ಹಾಕಿಸಲೇ? ಸವೆತ ಹಿಂದಿನದರಲ್ಲೇ ಹೆಚ್ಚು.

ಉತ್ತರ 3 ಬರೆದವರು

ಮುಂದಕ್ಕೇ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಬಾಲ ಬೀಸಿದಂತಾಗಿ ಹೆಚ್ಚಿನ ಸಲ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಏನಾಗುತ್ತದೆಂದು ನಿಮ್ಮ ಮೊಣಕೈಗೆ ಗೊತ್ತಿದೆ. ಹೊಸ ಟೈರಿನ ಮೈ ಮೊದಲು ಸ್ವಲ್ಪ ಹೊಳಪಾಗಿರುತ್ತದೆ, ಆದ್ದರಿಂದ ಮೊದಲ ಹತ್ತಿಪ್ಪತ್ತು ಕಿಲೋಮೀಟರನ್ನು ಒಣ ರಸ್ತೆಯಲ್ಲೇ ಓಡಿಸಿ. ನಿಮ್ಮದು ರಿಮ್ಮನ್ನು ಹಿಡಿಯುವ ಬ್ರೇಕಾಗಿದ್ದರೆ ಇನ್ನೊಂದು ಮಾತು: ಮಳೆಯಲ್ಲಿ ಚಕ್ರದ ಮೊದಲ ಒಂದೆರಡು ಸುತ್ತು ರಿಮ್ಮಿನ ನೀರು ಒರೆಸುವುದಕ್ಕೇ ಹೋಗುತ್ತದೆ, ಹಾಗಾಗಿ ಆ ಪಟ್ಟೆಗೆ ಸಾಕಷ್ಟು ಮೊದಲೇ ಬ್ರೇಕನ್ನು ಹಗುರವಾಗಿ ತಾಗಿಸಿಕೊಂಡು ಬನ್ನಿ.