ಮಾತ್ರೆ ಬದಲಾಯಿಸಿದರೆ ಅದು ಮೋಸವಾ, ದೊಡ್ಡಪ್ಪ?

ಗುಂಪು: ಮನೆ ಮಂದಿ

ದೊಡ್ಡಪ್ಪ (ಫಾರ್ವರ್ಡ್): ಖಿನ್ನತೆಯ ಮಾತ್ರೆ ಮಹಾ ಮೋಸ!! ಲಂಡನ್ ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಮ್ಮಿಯಾಗಿ ಖಿನ್ನತೆ ಬರುತ್ತದೆ ಅನ್ನುವುದು ಕಂಪನಿಗಳು ಕಟ್ಟಿದ ಕತೆ. ಇಂದೇ ಮಾತ್ರೆ ಬಿಸಾಡಿ. ಪ್ರಾಣಾಯಾಮ ಮಾಡಿ. ಎಲ್ಲ ಗುಂಪುಗಳಿಗೂ ಕಳುಹಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ತಗೊಳ್ಳುತ್ತಿರುವವರು ಎರಡು ಸಲ ಓದಿ.

ಚಿಕ್ಕಮ್ಮ: ತಗೊಳ್ಳುತ್ತಿರುವುದು ನಾನೊಬ್ಬಳೇ ಅಲ್ವಾ ಭಾವ. ನನಗೇ ಫೋನ್ ಮಾಡಿ ಹೇಳಬಹುದಿತ್ತು.

ದೊಡ್ಡಪ್ಪ: ನಿನ್ನ ಒಳ್ಳೆಯದಕ್ಕೇ ಹಾಕಿದ್ದು ತಾಯಿ. ಹಬ್ಬದ ದಿನ ನೋಡಿದೆನಲ್ಲ, ಎಲೆ ಮುಂದೆ ಕೂತೇ ತೂಕಡಿಸುತ್ತಿದ್ದೆ.

ಚಿಕ್ಕಪ್ಪ: ಅಣ್ಣ ಹೇಳುವುದರಲ್ಲಿ ತಪ್ಪೇನಿದೆ? ಇವಳಿಗೆ ಮೊದಲು ಸರ್ಟ್ರಾಲಿನ್ ಅನ್ನುವ ಮಾತ್ರೆ ಕೊಟ್ಟರು. ಹೊಟ್ಟೆ ತೊಳಸುವುದು, ಭೇದಿ. ಆಮೇಲೆ ಪ್ಯಾರೊಕ್ಸೆಟಿನ್‌ಗೆ ಬದಲಾಯಿಸಿದರು. ಈಗ ಹಗಲೆಲ್ಲ ನಿದ್ದೆ, ತೂಕ ಬೇರೆ ಏರಿದೆ. ಯಾವುದು ಕೊಡಬೇಕು ಅಂತ ಡಾಕ್ಟರಿಗೇ ಗೊತ್ತಿಲ್ಲ. ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ.

ತಮ್ಮ: ದೊಡ್ಡಪ್ಪ, ಆ ಲೇಖನ ನಾನು ಓದಿದ್ದೇನೆ. 2022ರ ಜುಲೈನಲ್ಲಿ ಬಂದದ್ದು, ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರದ್ದು. ಸೆರೊಟೋನಿನ್ ಕಮ್ಮಿಯಾಗಿಯೇ ಖಿನ್ನತೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ ಅಂತ ಅದರಲ್ಲಿದೆ. ಅಷ್ಟು ನಿಜ. ಆದರೆ ಮಾತ್ರೆಯಿಂದ ಗುಣವಾಗುತ್ತದಾ ಅಂತ ಅವರು ಅಲ್ಲಿ ನೋಡಿಯೇ ಇಲ್ಲ. ಅದನ್ನು ನೋಡಿದ್ದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2018ರ ಲೇಖನ. 21 ಔಷಧಿ, 522 ಪ್ರಯೋಗ. ಔಷಧಿ ಇಲ್ಲದ ಖಾಲಿ ಮಾತ್ರೆಗಿಂತ ಇಪ್ಪತ್ತೊಂದೂ ಮೇಲು.

ಅಕ್ಕ: ಎಷ್ಟು ಮೇಲು ಅನ್ನುವುದನ್ನೂ ಹೇಳು. ಸರಾಸರಿ ತೆಗೆದರೆ ವ್ಯತ್ಯಾಸ ದೊಡ್ಡದೇನಲ್ಲ. ಕೆಲವರಿಗೆ ತುಂಬಾ ಉಪಯೋಗ, ಕೆಲವರಿಗೆ ಏನೂ ಇಲ್ಲ.

ದೊಡ್ಡಪ್ಪ: ಕಾರಣವೇ ಗೊತ್ತಿಲ್ಲದೆ ಔಷಧಿ ಹೇಗಪ್ಪಾ ಕೊಡುತ್ತಾರೆ?

ತಮ್ಮ: 1950ರ ದಶಕದಲ್ಲಿ ಕ್ಷಯಕ್ಕೆ ಅಂತ ಇಪ್ರೊನಿಯಾಜಿಡ್ ಕೊಡುತ್ತಿದ್ದರು. ತಗೊಂಡವರ ಮನಸ್ಸು ಗೆಲುವಾಯಿತು. ಅಲ್ಲಿಂದ ಶುರು. ಉಪಯೋಗ ಮೊದಲು ಕಂಡಿತು, ಕಾರಣ ಇನ್ನೂ ಹುಡುಕುತ್ತಿದ್ದಾರೆ.

ನಾನು: ಸೆರೊಟೋನಿನ್ ವಿಷಯ ಪಕ್ಕಕ್ಕಿಡಿ. ಚಿಕ್ಕಪ್ಪ ಕೇಳಿದ್ದೇ ಮುಖ್ಯ. ಬದಲಾಯಿಸಿದರು ಅಂದರೆ ಡಾಕ್ಟರಿಗೆ ಗೊತ್ತಿಲ್ಲ ಅಂತ ಅಲ್ಲ ಚಿಕ್ಕಪ್ಪ. ಈ ಕಾಯಿಲೆಗೆ ಚಿಕಿತ್ಸೆ ನಡೆಯುವುದೇ ಹಾಗೆ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಜನರ ಮೇಲೆ ದೊಡ್ಡ ಅಧ್ಯಯನ ಮಾಡಿದರು, 2006ರಲ್ಲಿ ಫಲಿತಾಂಶ ಬಂತು. ಮೊದಲನೇ ಮಾತ್ರೆಯಲ್ಲೇ ಪೂರ್ತಿ ಗುಣ ಕಂಡವರು ಮೂರರಲ್ಲಿ ಒಬ್ಬರು ಮಾತ್ರ. ಉಳಿದವರಲ್ಲಿ ಹಲವರಿಗೆ ಬದಲಾಯಿಸಬೇಕಾಯಿತು, ಇಲ್ಲವೇ ಜೊತೆಗೆ ಇನ್ನೊಂದು ಸೇರಿಸಬೇಕಾಯಿತು. ಯಾರ ಮೈಗೆ ಯಾವುದು ಒಗ್ಗುತ್ತದೆ ಅಂತ ಮೊದಲೇ ಹೇಳುವ ನಂಬಿಕಸ್ತ ರಕ್ತ ಪರೀಕ್ಷೆ ಇಲ್ಲ. ಕೊಟ್ಟು ನೋಡಬೇಕು, ರೋಗಿ ಹೇಳಿದ್ದನ್ನು ಕೇಳಬೇಕು, ಬೇಕಿದ್ದರೆ ಬದಲಾಯಿಸಬೇಕು.

ಇನ್ನೊಂದು ಮಾತು. ಈ ಮಾತ್ರೆಗಳಲ್ಲಿ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಮೊದಲ ವಾರದಲ್ಲೇ ಶುರು. ಮನಸ್ಸು ಹಗುರ ಆಗುವುದಕ್ಕೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಅದಕ್ಕೂ ಜಾಸ್ತಿ. ಇದನ್ನು ಮೊದಲೇ ಹೇಳಿ ಕಳಿಸಿದರೆ ಎಷ್ಟೋ ಜನ ತಾಳಿಕೊಳ್ಳುತ್ತಾರೆ. ನಮ್ಮ ಮೆಡಿಕಲ್ ಶಾಪಿಗೆ ಜನ ಸ್ಟ್ರಿಪ್ ವಾಪಸ್ ತರುತ್ತಾರೆ. ನಾಲ್ಕು ಗುಳಿ ಖಾಲಿ, ಉಳಿದದ್ದು ಹಾಗೇ. ಚೀಟಿ ಕೌಂಟರ್ ಮೇಲಿಟ್ಟು, ‘ಇದು ಆಗಿಬರಲ್ಲ, ದುಡ್ಡು ಕೊಡಿ’ ಅನ್ನುತ್ತಾರೆ. ಅವರು ಮತ್ತೆ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ನನಗೆ ಸಂಕಟ ಆಗುವುದು ಅದಕ್ಕೆ.

ದೊಡ್ಡಪ್ಪ: ಮಾತ್ರೆ ಮಾರುವವಳು ನೀನು. ಬಿಡಿ ಅಂತ ಹೇಳುತ್ತೀಯಾ?

ನಾನು: ಬಿಡಬೇಕಾದ್ದನ್ನು ಬಿಡಿ ಅಂತಲೇ ಹೇಳುತ್ತೇನೆ ದೊಡ್ಡಪ್ಪ. ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳಿದವರನ್ನು ದಿನಾ ವಾಪಸ್ ಕಳಿಸುತ್ತೇನೆ.

ದೊಡ್ಡಪ್ಪ: ನನ್ನ ಜೊತೆ ಬ್ಯಾಂಕಿನಲ್ಲಿದ್ದವನೊಬ್ಬ ಡಿಪ್ರೆಶನ್ ಅಂತ ಶುರು ಮಾಡಿದ. ರಿಟೈರ್ ಆದರೂ ಬಿಡಲಾಗಲಿಲ್ಲ. ಒಂದು ರಾತ್ರಿ ಮಾತ್ರೆ ಇಲ್ಲದಿದ್ದರೆ ಕೈ ನಡುಗುತ್ತಿತ್ತು. ಅದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ನಾನು: ಅದು ನಿದ್ದೆಗೆ, ಆತಂಕಕ್ಕೆ ಕೊಡುವ ಕ್ಲೋನಜೆಪಾಮ್ ಅಥವಾ ಆಲ್‌ಪ್ರಾಜೊಲಾಮ್ ಇದ್ದಿರಬೇಕು. ನಿಮ್ಮ ಭಯಕ್ಕೆ ಕಾರಣ ಇದೆ, ಅವು ಅಭ್ಯಾಸ ಹಿಡಿಸುತ್ತವೆ. ನಮ್ಮಲ್ಲಿ ಎಸಿಟಲೊಪ್ರಾಮ್ ಅನ್ನುವ ಖಿನ್ನತೆಯ ಔಷಧಿ ಜೊತೆ ಕ್ಲೋನಜೆಪಾಮ್ ಸೇರಿಸಿ ಒಂದೇ ಮಾತ್ರೆಯಾಗಿ ಮಾರುತ್ತಾರೆ. ನುಂಗುವವರಿಗೆ ಒಳಗೆ ಎರಡಿದೆ ಅನ್ನುವುದೇ ಗೊತ್ತಿರುವುದಿಲ್ಲ. ಹಿಂದಿನ ಫಾಯಿಲ್ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿರುತ್ತದೆ, ಎಲ್ಲರೂ ಓದಬೇಕು. ಚಿಕ್ಕಮ್ಮನ ಮಾತ್ರೆ ಅದಲ್ಲ. ಇದಕ್ಕೆ ಚಟ ಹತ್ತುವುದಿಲ್ಲ. ಆದರೆ ದಿಢೀರ್ ಅಂತ ನಿಲ್ಲಿಸಿದರೆ ಒದ್ದಾಟ ಆಗುತ್ತದೆ, ಪ್ಯಾರೊಕ್ಸೆಟಿನ್‌ನಲ್ಲಿ ಉಳಿದ ಹಲವಕ್ಕಿಂತ ಜಾಸ್ತಿ. ಅದಕ್ಕೇ ನಿಮ್ಮ ಫಾರ್ವರ್ಡ್‌ನಲ್ಲಿ ‘ಇಂದೇ ಬಿಸಾಡಿ’ ಅಂತಿರುವುದು ನನಗೆ ಹೆದರಿಕೆ ತರಿಸುತ್ತದೆ.

ಅತ್ತೆ: ಈಗಿನವರು ಪುಣ್ಯವಂತರು ಕಣಣ್ಣ. ನಾನು ಬಳ್ಳಾರಿಯಲ್ಲಿದ್ದಾಗ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದ್ದರು, 1980ರ ದಶಕದಲ್ಲಿ. ನನಗೆ ಖಿನ್ನತೆಗೆ ಇಮಿಪ್ರಮಿನ್ ಅನ್ನುವ ಮಾತ್ರೆ ಕೊಟ್ಟರು. ಬಾಯಿ ಒಣಗಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಲಬದ್ಧತೆ. ಎದ್ದು ನಿಂತರೆ ಕಣ್ಣು ಕತ್ತಲೆ. ಆದರೂ ಅದರಿಂದಲೇ ನಾನು ಎದ್ದು ಅಡುಗೆಮನೆಗೆ ಬಂದದ್ದು. ನಿಮಗ್ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ದೊಡ್ಡಪ್ಪ: ನೀನೂ ತಗೊಂಡಿದ್ದೆಯಾ?

ಅತ್ತೆ: ತಗೊಂಡಿದ್ದೆ. ಅಮ್ಮನಿಗೆ ಗೊತ್ತಿತ್ತು.

ಚಿಕ್ಕಮ್ಮ: ನಾನು ಮೂರು ದಿನದಿಂದ ತಗೊಂಡಿಲ್ಲ.

ಚಿಕ್ಕಪ್ಪ: ನನಗೆ ಹೇಳಲೇ ಇಲ್ಲವಲ್ಲ!

ಚಿಕ್ಕಮ್ಮ: ನೀವೇ ಪ್ರಯೋಗ ಪ್ರಯೋಗ ಅನ್ನುತ್ತಿದ್ದಿರಿ. ತಲೆ ತಿರುಗುತ್ತದೆ. ಕಣ್ಣು ಆಚೆ ಈಚೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಸುಮ್ನೆ ಅಳು ಬರುತ್ತದೆ. ಕಾಯಿಲೆ ವಾಪಸ್ ಬಂತು ಅಂದುಕೊಂಡೆ.

ನಾನು: ಚಿಕ್ಕಮ್ಮ, ಆ ಕರೆಂಟ್ ಹೊಡೆದ ಹಾಗೆ ಆಗುವುದು ನಿಲ್ಲಿಸಿದ್ದರಿಂದ. ಇದು ಎಷ್ಟೋ ಜನಕ್ಕೆ ಆಗುತ್ತದೆ. ಈಗಲೇ ಡಾಕ್ಟರಿಗೆ ಫೋನ್ ಮಾಡಿ. ತಪ್ಪಿದ್ದಕ್ಕೆಲ್ಲ ಸೇರಿಸಿ ಎರಡೆರಡು ನುಂಗಬೇಡಿ. ಸಾಯಬೇಕು ಅನ್ನುವಂಥ ಯೋಚನೆ ಏನಾದರೂ ಬರುತ್ತಿದೆಯಾ?

ಚಿಕ್ಕಮ್ಮ: ಇಲ್ಲ ಕಣೇ. ಅಂಥದ್ದು ಇಲ್ಲ.

ನಾನು: ಬಂದರೆ ರಾತ್ರಿ ಎಷ್ಟು ಹೊತ್ತಾದರೂ ಚಿಕ್ಕಪ್ಪನನ್ನು ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಕ್ಕ: ನಿದ್ದೆ, ತೂಕ ಎರಡನ್ನೂ ಡಾಕ್ಟರಿಗೆ ಹೇಳಿದ್ದೀರಾ ಚಿಕ್ಕಮ್ಮ?

ಚಿಕ್ಕಮ್ಮ: ಹೇಗಿದ್ದೀರಿ ಅಂದರು. ಪರವಾಗಿಲ್ಲ ಅಂದೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರು.

ನಾನು: ಹೇಳಲೇಬೇಕು. ಯಾವ ತೊಂದರೆ ನಿಮಗೆ ಸಹಿಸಲು ಆಗುವುದಿಲ್ಲ ಅನ್ನುವುದರ ಮೇಲೆಯೇ ಮುಂದಿನ ಮಾತ್ರೆ ನಿರ್ಧಾರ ಆಗುತ್ತದೆ. ನಿದ್ದೆ, ಹಸಿವು ಎರಡೂ ಇಲ್ಲದವರಿಗೆ ಮಿರ್ಟಜಾಪಿನ್ ಕೊಡುವುದುಂಟು. ಅದರಲ್ಲಿ ಎರಡೂ ಜಾಸ್ತಿ ಆಗುತ್ತವೆ, ಹಾಗಾಗಿ ನಿಮಗೆ ಅದು ಸರಿಹೋಗಲಾರದು. ಬ್ಯುಪ್ರೊಪಿಯಾನ್‌ನಲ್ಲಿ ಸಾಮಾನ್ಯವಾಗಿ ತೂಕ ಏರುವುದಿಲ್ಲ, ಆದರೆ ಫಿಟ್ಸ್ ಬಂದವರಿಗೆ ಕೊಡುವುದಿಲ್ಲ. ಫ್ಲೂಆಕ್ಸೆಟಿನ್ ಮೈಯಲ್ಲಿ ಬಹಳ ದಿನ ಉಳಿಯುತ್ತದೆ, ಒಂದು ದಿನ ಮರೆತರೂ ಅಷ್ಟು ಒದ್ದಾಟ ಇಲ್ಲ. ಇದರಲ್ಲಿ ನಿಮಗೆ ಯಾವುದು ಅಂತ ನಾನು ಹೇಳಬಾರದು. ಆದರೆ ಬೇರೆ ದಾರಿ ಇದೆ ಅಂತ ನಿಮಗೆ ಗೊತ್ತಿರಲಿ.

ಗಂಡ ಹೆಂಡತಿ ನಡುವಿನ ಆಸೆ ಕಮ್ಮಿ ಆಗುವುದೂ ನೀವು ಈಗ ತಗೊಳ್ಳುವಂಥ ಮಾತ್ರೆಗಳಲ್ಲಿ ಸಾಮಾನ್ಯ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ.

ದೊಡ್ಡಪ್ಪ: ಹಿರಿಯರಿರುವ ಗುಂಪು ಇದು.

ನಾನು: ಹಿರಿಯರಿಗೂ ಗೊತ್ತಿರಬೇಕಾದ ಮಾತೇ ದೊಡ್ಡಪ್ಪ. ಇದನ್ನು ಅಳಿಸುವುದಿಲ್ಲ.

ಅತ್ತೆ: ಅಳಿಸಬೇಡ ಕಣೇ.

ಚಿಕ್ಕಮ್ಮ: ಫೋನ್ ಸಿಕ್ಕಿತು. ಇವತ್ತು ರಾತ್ರಿಯಿಂದ ಮೊದಲಿನಷ್ಟೇ ಶುರು ಮಾಡಿ, ಗುರುವಾರ ಬನ್ನಿ ಅಂದರು. ನಿಧಾನಕ್ಕೆ ಇಳಿಸಿ ಬೇರೆಯದಕ್ಕೆ ಹೋಗೋಣ ಅಂತ.

ದೊಡ್ಡಪ್ಪ: ಸರಿ. ಡಾಕ್ಟರ್ ಹೇಳಿದ ಹಾಗೆ ಮಾಡು. ಕಂಪನಿಗಳ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಪ್ರಾಣಾಯಾಮವನ್ನೂ ಬಿಡಬೇಡ.

ನಾನು: ಪ್ರಾಣಾಯಾಮ, ನಡಿಗೆ ಎರಡೂ ಮಾಡಲಿ, ಒಳ್ಳೆಯದೇ. ಮಾತ್ರೆ ಬಿಟ್ಟು ಅದೊಂದೇ ಸಾಕು ಅನ್ನುವುದಕ್ಕೆ ಮಾತ್ರ ನನ್ನ ತಕರಾರು. ಆ ಫಾರ್ವರ್ಡ್ ತೆಗೆಯುತ್ತೀರಾ?

ದೊಡ್ಡಪ್ಪ: ಬೇರೆ ಗುಂಪುಗಳಿಗೂ ಹಾಕಿದ್ದೇನೆ. ಅಲ್ಲಿ ತಮ್ಮ ಬರೆದದ್ದನ್ನೂ ಕೆಳಗೆ ಹಾಕುತ್ತೇನೆ.

ಚಿಕ್ಕಮ್ಮ: ಗುರುವಾರ ಬಿಪಿ ಮಾತ್ರೆಯನ್ನೂ ತೋರಿಸಬೇಕಾ? ಅದು ಬೇರೆ ಡಾಕ್ಟರ್ ಕೊಟ್ಟಿದ್ದು.

ನಾನು: ಖಂಡಿತ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿದ್ದರೆ, ಇದರ ಜೊತೆ ರಕ್ತದಲ್ಲಿ ಸೋಡಿಯಂ ಇಳಿಯುವ ಸಾಧ್ಯತೆ ಜಾಸ್ತಿ. ಮಂಡಿ ನೋವಿಗೆ ತಗೊಳ್ಳುವ ಮಾತ್ರೆಯನ್ನೂ ತೋರಿಸಿ. ಅಂಥ ಕೆಲವು ನೋವಿನ ಮಾತ್ರೆ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಹೆಸರು ಬರೆದುಕೊಂಡು ಹೋಗುವುದು ಬೇಡ, ಸ್ಟ್ರಿಪ್‌ಗಳನ್ನೇ ಒಂದು ಕವರಿಗೆ ಹಾಕಿಕೊಳ್ಳಿ. ಅಶ್ವಗಂಧ ಪುಡಿ ತಗೊಳ್ಳುತ್ತಿದ್ದರೆ ಅದನ್ನೂ.

ಚಿಕ್ಕಪ್ಪ: ಗುರುವಾರ ನಾನೂ ಒಳಗೆ ಬರುತ್ತೇನೆ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಪರವಾಗಿಲ್ಲ, ಎಲ್ಲ ಹೇಳಿಯೇ ಏಳೋಣ.