ಪುಟ ಉದ್ದವಾದರೆ ಪದಗಳ ಅಳತೆಯಲ್ಲಿ ‘ಓವರ್‌ಫ್ಲೋ’ ದೋಷ

ಪ್ರಶ್ನೆ

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರ) ಪಠ್ಯದಲ್ಲಿ ಕರಡು ತಿದ್ದಲು ಸಿ ಶಾರ್ಪ್ ಭಾಷೆ ಮತ್ತು ವಿಂಡೋಸ್ ಫಾರ್ಮ್ಸ್‌ನಲ್ಲಿ ಒಂದು ತಂತ್ರಾಂಶ ಬರೆಯುತ್ತಿದ್ದೇನೆ. ನಿಘಂಟಿನಲ್ಲಿ ಸಿಗದ ಪದದ ಕೆಳಗೆ ಕೆಂಪು ಗೆರೆ ಬೀಳಬೇಕು. ಪ್ರತಿ ಪದಕ್ಕೂ ಒಂದು ಕ್ಯಾರೆಕ್ಟರ್‌ರೇಂಜ್ (ಪದ ಪಠ್ಯದಲ್ಲಿ ಎಲ್ಲಿ ಶುರು, ಎಷ್ಟು ಉದ್ದ ಎಂಬ ಗುರುತು) ಮಾಡಿ, ಎಲ್ಲವನ್ನೂ ಸ್ಟ್ರಿಂಗ್‌ಫಾರ್ಮ್ಯಾಟ್‌ಗೆ ಒಟ್ಟಿಗೆ ಕೊಟ್ಟು ಮೆಷರ್‌ಕ್ಯಾರೆಕ್ಟರ್‌ರೇಂಜಸ್‌ನಿಂದ ಅಳೆಯುತ್ತೇನೆ. ನಾಲ್ಕು ಸಾಲಿನ ಪದ್ಯಕ್ಕೆ ಗೆರೆ ಸರಿಯಾಗಿ ಬೀಳುತ್ತದೆ. ಗದ್ಯದ ಪುಟ ಬಂದೊಡನೆ ಓವರ್‌ಫ್ಲೋ ದೋಷ ಬಂದು ಕೆಲಸ ನಿಲ್ಲುತ್ತದೆ. ಒಂದು ಪುಟದಲ್ಲಿ ಇರುವುದೇ ಎರಡು ಮೂರು ಸಾವಿರ ಅಕ್ಷರ. ಇಷ್ಟಕ್ಕೆ ಯಾವ ಸಂಖ್ಯೆ ತುಂಬಿ ಹರಿಯಲು ಸಾಧ್ಯ? ಪದಗಳನ್ನು ಒಂದೊಂದಾಗಿ ಮೆಷರ್‌ಸ್ಟ್ರಿಂಗ್‌ನಲ್ಲಿ ಅಳೆದು ಕೂಡಿಸಿದರೆ ದೋಷವಿಲ್ಲ, ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಗೆರೆ ಪಕ್ಕದ ಪದದ ಕೆಳಗಿರುತ್ತದೆ.

ಉತ್ತರ 1

ತುಂಬಿರುವುದು ಪಠ್ಯವಲ್ಲ, ರೇಂಜ್‌ಗಳ ಪಟ್ಟಿ. ಸೆಟ್‌ಮೆಷರಬಲ್‌ಕ್ಯಾರೆಕ್ಟರ್‌ರೇಂಜಸ್ ಒಂದು ಸಲಕ್ಕೆ 32ಕ್ಕಿಂತ ಹೆಚ್ಚು ರೇಂಜ್ ಒಪ್ಪುವುದಿಲ್ಲ. ನಿಮ್ಮ ಪದ್ಯದಲ್ಲಿ ಅಷ್ಟು ಪದಗಳಿರಲಿಲ್ಲ, ಹಾಗಾಗಿ ಪಾರಾಯಿತು. ಮೈಕ್ರೋಸಾಫ್ಟ್‌ನ ದಾಖಲೆಯಲ್ಲಿ ಈ ಮಿತಿ ಬರೆದಿದೆ, ಆದರೆ ದೋಷದ ಸಂದೇಶದಲ್ಲಿ ಆ ಸಂಖ್ಯೆಯ ಸುಳಿವೇ ಇಲ್ಲ. ಇದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

ರೇಂಜ್‌ಗಳನ್ನು 32ರ ಕಂತುಗಳಾಗಿ ಒಡೆಯಿರಿ. 300 ಪದಗಳ ಪುಟಕ್ಕೆ ಹತ್ತು ಕಂತು. ಪ್ರತಿ ಕಂತಿನಲ್ಲೂ ಅದೇ ಪೂರ್ಣ ಪಠ್ಯ, ಅದೇ ಫಾಂಟ್, ಅದೇ ಚೌಕಟ್ಟು ಕೊಡಬೇಕು. ಪಠ್ಯವನ್ನೇ ತುಂಡರಿಸಿದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಪ್ರತಿ ಕಂತಿಗೂ ಇಡೀ ಪಠ್ಯದ ಜೋಡಣೆ ಮತ್ತೆ ನಡೆಯುವುದರಿಂದ ದೊಡ್ಡ ಅಧ್ಯಾಯವಾದರೆ ನಿಧಾನವಾಗುತ್ತದೆ. ಆಗ ಪ್ಯಾರಾ ಪ್ಯಾರಾ ಬೇರೆಯಾಗಿ ಅಳೆದು ಬೇರೆಯಾಗಿಯೇ ಬಿಡಿಸಿ.

ಉತ್ತರ 2

ಕೂಡಿಸುವ ದಾರಿಯನ್ನು ಕೈಬಿಡಿ. ಮೆಷರ್‌ಸ್ಟ್ರಿಂಗ್ ಪ್ರತಿ ಅಳತೆಗೂ ಅಂಚಿನಲ್ಲಿ ಸ್ವಲ್ಪ ಜಾಗ ಸೇರಿಸುತ್ತದೆ. ಹತ್ತು ಪದ ಕೂಡಿಸಿದರೆ ಆ ಜಾಗವೂ ಹತ್ತು ಸಲ ಸೇರುತ್ತದೆ. ಅಕ್ಷರಕ್ಕೊಂದು ರೇಂಜ್ ಮಾಡುವ ಯೋಚನೆಯೂ ಬೇಡ. ‘ಲಕ್ಷ್ಮಿ’ಯ ‘ಕ್ಷ್ಮಿ’ ಪರದೆಯ ಮೇಲೆ ಒಂದೇ ಗುಚ್ಛ, ಸ್ಟ್ರಿಂಗ್‌ನಲ್ಲಿ ಆರು ಸಂಕೇತ. ನಡುವೆ ಕತ್ತರಿಸಿದರೆ ಒತ್ತಕ್ಷರದ ಅಳತೆಗೆ ಅರ್ಥವಿಲ್ಲ. ಪಠ್ಯ ಬಿಡಿಸುವುದು ಡ್ರಾಸ್ಟ್ರಿಂಗ್‌ನಿಂದಲೇ ಆಗಲಿ. ಅದು ಮತ್ತು ನಿಮ್ಮ ಅಳತೆ ಎರಡೂ ಜಿಡಿಐ ಪ್ಲಸ್‌ನವು; ಟೆಕ್ಸ್ಟ್‌ರೆಂಡರರ್ ಬಳಸುವುದು ವಿಂಡೋಸ್‌ನ ಹಳೆಯ ಚಿತ್ರಣ ವ್ಯವಸ್ಥೆ ಜಿಡಿಐ. ಎರಡರ ಅಳತೆ ಹೊಂದುವುದಿಲ್ಲ.

ಪ್ರಶ್ನೆ ಕೇಳಿದವರು

ಕಂತು ಮಾಡಿದ ಮೇಲೆ ಪುಟವಿಡೀ ಗೆರೆ ಸರಿಯಾಗಿ ಬಿದ್ದಿದೆ, ಇಬ್ಬರಿಗೂ ಧನ್ಯವಾದ. ಇನ್ನೊಂದು ತೊಡಕಿದೆ. ಓಸಿಆರ್ ತಪ್ಪಾಗಿ ಒಡೆದ ಜೋಡಿಪದಗಳನ್ನು ಒಂದೇ ರೇಂಜ್ ಮಾಡಿದ್ದೇನೆ. ಮೊದಲ ಅರ್ಧ ಒಂದು ಸಾಲಿನ ಕೊನೆಯಲ್ಲೂ ಉಳಿದದ್ದು ಮುಂದಿನ ಸಾಲಿನ ಆರಂಭದಲ್ಲೂ ಬಂದರೆ ಗೆಟ್‌ಬೌಂಡ್ಸ್ ಎರಡು ಸಾಲನ್ನೂ ನುಂಗುವ ಒಂದೇ ದೊಡ್ಡ ಆಯತ ಕೊಡುತ್ತದೆ.

ಉತ್ತರ 1

ಅಲ್ಲಿ ಗೆಟ್‌ಬೌಂಡ್ಸ್ ಬದಲು ರೀಜನ್‌ನ (ಅಳತೆಯಲ್ಲಿ ಪ್ರತಿ ರೇಂಜ್‌ಗೂ ಸಿಗುವ ಪ್ರದೇಶ) ಗೆಟ್‌ರೀಜನ್‌ಸ್ಕ್ಯಾನ್ಸ್ ಕರೆಯಿರಿ. ಸಾಲು ಸಾಲಿನ ತುಂಡುಗಳು ಬೇರೆ ಬೇರೆ ಆಯತಗಳಾಗಿ ಸಿಗುತ್ತವೆ, ಒಂದೊಂದರ ತಳಕ್ಕೂ ಗೆರೆ ಎಳೆಯಿರಿ. ಅದಕ್ಕೆ ಒಂದು ಮ್ಯಾಟ್ರಿಕ್ಸ್ ಕೊಡಬೇಕು; ಹೊಸದಾಗಿ ಸೃಷ್ಟಿಸಿದ, ಏನೂ ಬದಲಿಸದ ಮ್ಯಾಟ್ರಿಕ್ಸ್ ಸಾಕು. ಆಯತ ಸಿಕ್ಕಿದ ಕೂಡಲೇ ಪ್ರತಿ ರೀಜನ್ ಅನ್ನೂ ಡಿಸ್ಪೋಸ್ ಮಾಡಿ (ಅದು ಹಿಡಿದ ಸ್ಮೃತಿಯನ್ನು ಬಿಡಿಸಿ), ಪುಟಕ್ಕೆ ಮುನ್ನೂರು ರೀಜನ್ ಹುಟ್ಟುತ್ತಿವೆ.