ಸ್ತನ ಕ್ಯಾನ್ಸರ್ ನಡಿಗೆಗೆ ನೀವು ಯಾಕೆ ಹೋಗ್ತೀರಿ?

ಕೇಳಿದವರು

ಸ್ತನ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ಮುಂದಿನ ತಿಂಗಳು ಐದು ಕಿಲೋಮೀಟರ್ ನಡಿಗೆ ಇದೆ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ನನ್ನನ್ನೂ ಕರೆಯುತ್ತಿದ್ದಾಳೆ. ಹೋಗುವ ಮನಸ್ಸಿದೆ. ಆದರೆ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ನಾನು ನಡೆದರೆ ಯಾರ ಸ್ತನದ ಗಂಟು ಕರಗುತ್ತದೆ? ದುಡ್ಡನ್ನು ಮನೆಯಿಂದಲೇ ಕಳಿಸಬಹುದು ಅಲ್ವಾ? ಎರಡು ವರ್ಷದ ಹಿಂದೆ ನನ್ನ ಚಿಕ್ಕಮ್ಮ ಇದೇ ಕಾಯಿಲೆಯಿಂದ ತೀರಿಕೊಂಡರು. ಅಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟರೆ ಏನು ಮಾಡೋದು ಅನ್ನೋ ಭಯವೂ ಇದೆ. ಇಂಥ ನಡಿಗೆಗೆ ಹೋದವರು ಇದ್ದರೆ ಹೇಳಿ. ನೀವು ಯಾಕೆ ಹೋಗ್ತೀರಿ?

ಅಮ್ಮನಿಗಾಗಿ ನಡೆಯುವ ಮಗಳು

ಮೊದಲ ಸಲ ನಾನೂ ಇದೇ ಪ್ರಶ್ನೆ ಇಟ್ಟುಕೊಂಡೇ ಹೋಗಿದ್ದೆ. ಇದು ಏಳನೇ ವರ್ಷ.

ಆಪರೇಷನ್ ಆದಮೇಲೆ, ಗಾಯದಲ್ಲಿ ತುಂಬುವ ನೀರು ಹೊರಗೆ ಬರಲಿ ಅಂತ ಅಮ್ಮನ ಕಂಕುಳ ಕೆಳಗಿನಿಂದ ಒಂದು ಟ್ಯೂಬ್ ಇಳಿಬಿಟ್ಟಿದ್ದರು. ಅದರ ತುದಿಗೆ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಬುಡ್ಡೆ. ದಿನಕ್ಕೆ ಎರಡು ಸಲ ಅದನ್ನು ಖಾಲಿ ಮಾಡಿ, ಎಷ್ಟು ಮಿಲಿ ಅಂತ ಅಳೆದು, ಪುಸ್ತಕದಲ್ಲಿ ಬರೆಯಬೇಕು. ಅದು ನನ್ನ ಕೆಲಸ. 70, 60, 45, 40. ಅಂಕಿ ಇಳಿಯುತ್ತಾ ಹೋದಾಗ ನಾನೇ ಏನೋ ವಾಸಿ ಮಾಡುತ್ತಿದ್ದೇನೆ ಅನಿಸುತ್ತಿತ್ತು. ಟ್ಯೂಬ್ ತೆಗೆದ ದಿನ ಎಲ್ಲರಿಗೂ ಖುಷಿ. ನನಗೆ ಮಾತ್ರ ಕೈಯಲ್ಲಿದ್ದ ಕೆಲಸ ಕಿತ್ತುಕೊಂಡ ಹಾಗಾಯಿತು. ಆಮೇಲೆ ಕೀಮೋ ಶುರು. ಅಮ್ಮ ಹಾಸಿಗೆಯಲ್ಲಿ, ನಾನು ಪಕ್ಕದ ಕುರ್ಚಿಯಲ್ಲಿ. ಔಷಧಿ ಹನಿ ಹನಿ ಬೀಳುವುದನ್ನು ನೋಡುತ್ತಾ ಕೂರಬೇಕು, ಅಷ್ಟೇ. ಮನೆಯವರಿಗೆ ಈ ಕಾಯಿಲೆಯಲ್ಲಿ ತುಂಬಾ ಕಷ್ಟ ಕೊಡುವುದು ಇದೇ. ಏನು ಬೇಕಾದರೂ ಮಾಡಲು ತಯಾರಿರುತ್ತೀವಿ, ಮಾಡಲು ಏನೂ ಇರುವುದಿಲ್ಲ.

ನಡಿಗೆಯ ದಿನ ಎಲ್ಲರಿಗೂ ಬೆನ್ನಿಗೆ ಅಂಟಿಸಿಕೊಳ್ಳಲು ಒಂದು ಚೀಟಿ ಕೊಟ್ಟರು. 'ನಾನು ನಡೆಯುತ್ತಿರುವುದು ಇವರಿಗಾಗಿ' ಅಂತ ಮೇಲೆ ಅಚ್ಚಾಗಿತ್ತು. ಕೆಳಗೆ ಖಾಲಿ ಜಾಗ. ನಾನು 'ಅಮ್ಮ' ಅಂತ ಬರೆದೆ. ಹಿಂದೆ ನಿಂತಿದ್ದ ಹೆಂಗಸು ಪೆನ್ನು ಕೇಳಿದರು. ಅವರು ಒಂದರ ಕೆಳಗೊಂದು ನಾಲ್ಕು ಹೆಸರು ಬರೆದರು. ಜಾಗ ತುಂಬಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಚೀಟಿಯನ್ನು ಅಡ್ಡಕ್ಕೆ ತಿರುಗಿಸಿ, ಅಂಚಿನಲ್ಲಿ ಐದನೆಯದನ್ನು ಬರೆದರು. ನಮ್ಮಿಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಆದರೆ ಪೂರ್ತಿ ಐದು ಕಿಲೋಮೀಟರ್ ಜೊತೆಯಲ್ಲೇ ನಡೆದೆವು.

ಅಳುವ ವಿಷಯ ಕೇಳಿದಿರಿ. ಬಹುಶಃ ಅಳ್ತೀರಿ. ಯಾರೂ ತಿರುಗಿ ನೋಡುವುದಿಲ್ಲ, ಯಾರೂ ಸಮಾಧಾನ ಹೇಳಲು ಓಡಿ ಬರುವುದಿಲ್ಲ. ಪಕ್ಕದವರು ನಡಿಗೆ ಸ್ವಲ್ಪ ನಿಧಾನ ಮಾಡ್ತಾರೆ, ಅಷ್ಟೇ.

ಸಂಘಟನೆಯಲ್ಲಿ ದುಡಿಯುವ ಸ್ವಯಂಸೇವಕಿ

ದುಡ್ಡಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನೀವು ಮನೆಯಿಂದ ಕಳಿಸಿದರೆ ಒಬ್ಬರ ದುಡ್ಡು ಬರುತ್ತದೆ. 'ನಾನು ನಡೀತಿದ್ದೀನಿ, ಕೈಲಾದಷ್ಟು ಕೊಡಿ' ಅಂತ ಇಪ್ಪತ್ತು ಜನರನ್ನು ಕೇಳಿದರೆ, ತಾವಾಗಿ ಯಾವತ್ತೂ ಕೊಡದವರೂ ಕೊಡುತ್ತಾರೆ. ಯಾರಿಗೆ, ಯಾಕೆ ಅಂತ ಕೇಳುತ್ತಾರೆ. ಆ ಮಾತು ಬೇರೆ ಹೇಗೂ ಶುರುವಾಗುತ್ತಿರಲಿಲ್ಲ.

ಇಂಥ ನಡಿಗೆ ಹುಟ್ಟಿದ ಕಥೆಯೂ ಒಬ್ಬ ತಂಗಿಯ ಕಥೆಯೇ. ಅಮೆರಿಕದ ಸೂಸನ್ ಕೋಮೆನ್ ಸ್ತನ ಕ್ಯಾನ್ಸರ್‌ನಿಂದ 1980ರಲ್ಲಿ ತೀರಿಕೊಂಡಾಗ ಆಕೆಗೆ 36 ವರ್ಷ. ಈ ಕಾಯಿಲೆ ಕೊನೆಗಾಣಿಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ತಂಗಿ ನ್ಯಾನ್ಸಿ ಬ್ರಿಂಕರ್ ಅಕ್ಕನಿಗೆ ಮಾತು ಕೊಟ್ಟಿದ್ದರು. 1982ರಲ್ಲಿ ಅಕ್ಕನ ಹೆಸರಲ್ಲಿ ಸಂಸ್ಥೆ ಕಟ್ಟಿದರು. ಮರುವರ್ಷ ಡಲ್ಲಾಸ್‌ನಲ್ಲಿ ಮೊದಲ ಓಟ ನಡೆಯಿತು, ಸುಮಾರು 800 ಜನ ಸೇರಿದ್ದರು. ಆ ಕಾಲದಲ್ಲಿ ಅಲ್ಲೂ ಈ ಕಾಯಿಲೆಯ ಹೆಸರನ್ನು ಜೋರಾಗಿ ಹೇಳುತ್ತಿರಲಿಲ್ಲ. 1974ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗೆ ಸ್ತನದ ಆಪರೇಷನ್ ಆಯಿತು ಅಂತ ಮುಚ್ಚಿಡದೆ ಹೇಳಿದ್ದೇ ದೊಡ್ಡ ಸುದ್ದಿ. ಅದನ್ನು ಕೇಳಿ ಎಷ್ಟೋ ಹೆಂಗಸರು ಪರೀಕ್ಷೆಗೆ ಹೋದರು. ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ. ನಡಿಗೆಯಲ್ಲಿ ಆಗುವುದೂ ಅದೇ.

ಆದರೆ ಕಣ್ಣು ಮುಚ್ಚಿಕೊಂಡು ಹೆಸರು ಕೊಡಬೇಡಿ. ಬಂದ ಹಣ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಕೇಳಿ. ಸಂಶೋಧನೆಗೋ, ರೋಗಿಗಳ ಓಡಾಟದ ಖರ್ಚಿಗೋ, ಪರೀಕ್ಷೆಗೋ, ಬರೀ ಜಾಹೀರಾತಿಗೋ? ಒಳ್ಳೆಯ ಸಂಸ್ಥೆ ಲೆಕ್ಕ ತೋರಿಸಲು ಹಿಂದೆಮುಂದೆ ನೋಡುವುದಿಲ್ಲ. ಸ್ತನ ಕ್ಯಾನ್ಸರ್ ಜಾಗೃತಿಯ ಗುರುತಾದ ಗುಲಾಬಿ ರಿಬ್ಬನ್ ಅಂಟಿಸಿ ತಮ್ಮ ಸಾಮಾನು ಮಾರಿಕೊಳ್ಳುವವರೂ ಇದ್ದಾರೆ. ಇದರ ವಿರುದ್ಧ ಬ್ರೆಸ್ಟ್ ಕ್ಯಾನ್ಸರ್ ಆಕ್ಷನ್ ಅನ್ನುವ ಸಂಘಟನೆ 2002ರಿಂದಲೇ ದನಿ ಎತ್ತಿದೆ. ಅವರು ಕೇಳುವ ಪ್ರಶ್ನೆಗಳು ನ್ಯಾಯವಾದವು.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ಚಿಕ್ಕಮ್ಮ ಅಂದಿರಿ. ಅವರಿಗೆ ಯಾವ ವಯಸ್ಸಿನಲ್ಲಿ ಬಂತು ಅಂತ ತಿಳಿದುಕೊಂಡು ನಿಮ್ಮ ಡಾಕ್ಟರಿಗೆ ಹೇಳಿ. ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ಹೆದರಬೇಕಾಗಿಲ್ಲ. ಆದರೂ ಡಾಕ್ಟರಿಗೆ ಗೊತ್ತಿರಲಿ.

ಕಾಯಿಲೆ ದಾಟಿ ಬಂದವರು

ನಾನು ರೋಗಿಯಾಗಿದ್ದವಳು, ಹಾಗಾಗಿ ನನ್ನ ಕಾರಣ ಬೇರೆ.

ನನ್ನ ಎಡಗೈಗೆ ಬೆರಳಿನ ಬುಡದಿಂದ ಭುಜದವರೆಗೆ ಬಿಗಿಯಾದ ತೋಳುಚೀಲ ಹಾಕಿಕೊಳ್ಳಬೇಕು. ಕಂಕುಳ ಗ್ರಂಥಿಗಳನ್ನು ತೆಗೆದಿದ್ದರಿಂದ ನೀರು ತುಂಬಿ ಕೈ ಊದುತ್ತದೆ. ಬೇರೆ ಎಲ್ಲಿ ಹೋದರೂ ಎಲ್ಲರ ಕಣ್ಣು ಮೊದಲು ಅಲ್ಲಿಗೇ. 'ಸುಟ್ಟುಕೊಂಡ್ರಾ?' ಅಂತ ಕೇಳ್ತಾರೆ. ಮೊದಲ ನಡಿಗೆಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಮುಂದೆ ಇದ್ದವರ ಕೈಯಲ್ಲೂ ಅಂಥದ್ದೇ ಚೀಲ ಕಂಡಿತು. ಅವರು ನನ್ನದನ್ನು ನೋಡಿದರು, ನಾನು ಅವರದನ್ನು ನೋಡಿದೆ. 'ಮೊಣಕೈ ಹತ್ತಿರ ಸುರುಳಿಯಾಗುತ್ತೆ ಅಲ್ವಾ?' ಅಂದರು. ಮೂರು ವರ್ಷದಲ್ಲಿ ನನ್ನ ಕಷ್ಟವನ್ನು ನಾನು ಹೇಳುವ ಮೊದಲೇ ತಿಳಿದುಕೊಂಡವರು ಅವರೊಬ್ಬರೇ. ನಾನು ಪ್ರತಿ ವರ್ಷ ಹೋಗುವುದು ಅದಕ್ಕೇ.

ಮನೆಯಲ್ಲಿ ಮೊದಮೊದಲು ಬಿಡುತ್ತಿರಲಿಲ್ಲ. ಕೈ ಆಡಿಸಬೇಡ, ಭಾರ ಎತ್ತಬೇಡ, ದಣಿಯಬೇಡ. ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಅನ್ನುವ ವೈದ್ಯರು ಸ್ತನ ಕ್ಯಾನ್ಸರ್ ಆಗಿದ್ದ 24 ಹೆಂಗಸರಿಗೆ ತರಬೇತಿ ಕೊಟ್ಟು ಉದ್ದನೆಯ ದೋಣಿಗೆ ಹುಟ್ಟು ಹಾಕಲು ಕೂರಿಸಿದರು. ಹಾಗೆ ಮಾಡಿದರೆ ಕೈ ಊದುತ್ತದೆ ಅನ್ನುವುದು ಆಗಿನ ನಂಬಿಕೆ. ಯಾರಿಗೂ ಹೊಸದಾಗಿ ಊತ ಬರಲಿಲ್ಲ. ಈಗ ನಡೆಯಿರಿ, ಕೈಕಾಲು ಆಡಿಸಿ ಅಂತ ಡಾಕ್ಟರುಗಳೇ ಹೇಳುತ್ತಾರೆ. ಚಿಕಿತ್ಸೆಯ ಸುಸ್ತಿಗೂ ನಡಿಗೆ ಒಳ್ಳೆಯದು.

ನಾಲ್ಕನೇ ಹಂತದಲ್ಲಿರುವವರು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ದಯವಿಟ್ಟು ತಪ್ಪು ತಿಳಿಯಬೇಡಿ.

ನನ್ನ ಕ್ಯಾನ್ಸರ್ ಮೂಳೆಗೆ ಹರಡಿದೆ, ನಾಲ್ಕನೇ ಹಂತ ಅಂದರೆ ಅದೇ. ನನಗೆ ಚಿಕಿತ್ಸೆ ಮುಗಿಯುವುದು ಅಂತ ಇಲ್ಲ. ಬದುಕಿರುವವರೆಗೂ ನಡೆಯುತ್ತಿರುತ್ತದೆ. ನಡಿಗೆಯ ವೇದಿಕೆಯಲ್ಲಿ 'ಹೋರಾಡಿ ಗೆದ್ದವರು ಮುಂದೆ ಬನ್ನಿ' ಅಂದಾಗ ಎದೆ ಹಿಂಡಿದ ಹಾಗಾಗುತ್ತದೆ. ಹಾಗಾದರೆ ನಾನು ಹೋರಾಡಲಿಲ್ವಾ? ನಿಮ್ಮ ಚಿಕ್ಕಮ್ಮ ಹೋರಾಡಲಿಲ್ವಾ? ಒಂದು ವರ್ಷ ಅರ್ಧದಾರಿಯಲ್ಲೇ ವಾಪಸ್ ಬಂದುಬಿಟ್ಟೆ. ಇನ್ನು ಹೋಗಲ್ಲ ಅಂದುಕೊಂಡೆ.

ಆದರೂ ಮತ್ತೆ ಹೋದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 23 ಲಕ್ಷ ಹೆಂಗಸರಿಗೆ ಈ ಕಾಯಿಲೆ ಪತ್ತೆಯಾಯಿತು, 6 ಲಕ್ಷದ 70 ಸಾವಿರ ಜನ ಸತ್ತರು. ಹೆಚ್ಚಿನವರು ಸಾಯುವುದು ನನ್ನ ಹಾಗೆ ಬೇರೆ ಅಂಗಕ್ಕೆ ಹರಡಿದ್ದರಿಂದ. ನಾವೇ ಆ ಸಾಲಿನಲ್ಲಿ ಕಾಣದಿದ್ದರೆ, ನಮಗೆ ಬೇಕಾದ ಔಷಧಿಯ ಸಂಶೋಧನೆಗೆ ದುಡ್ಡು ಕೇಳುವವರು ಯಾರು? ಈಗ ಬೆನ್ನ ಮೇಲೆ 'ನಾಲ್ಕನೇ ಹಂತ' ಅಂತ ದಪ್ಪಕ್ಷರದಲ್ಲಿ ಬರೆದುಕೊಂಡು ನಡೆಯುತ್ತೇನೆ. ಕಳೆದ ಸಲ ಒಬ್ಬ ಹುಡುಗಿ ಹಿಂದಿನಿಂದ ಓದಿ, ಪಕ್ಕಕ್ಕೆ ಬಂದು, 'ನಮ್ಮಮ್ಮನಿಗೂ ಅದೇ' ಅಂದಳು. ಅಲ್ಲಿಯವರೆಗೆ ಅವಳು ಆ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲವಂತೆ.

ನೀವು ತೀರಿಕೊಂಡವರಿಗಾಗಿ ನಡೆಯುವವರು. ನಿಮ್ಮಂಥವರು ಬಂದರೆ ನನಗೆ ಸಮಾಧಾನ. ಬರೀ ಗೆಲುವಿನ ಹಬ್ಬವಾಗಿಬಿಟ್ಟರೆ ಅದು ಪೂರ್ತಿ ನಿಜವಲ್ಲ.

ಸಂಘಟನೆಯಲ್ಲಿ ದುಡಿಯುವ ಸ್ವಯಂಸೇವಕಿ

ಮೇಲಿನ ಅಕ್ಕನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ವೇದಿಕೆ ಮೇಲೆ ಹಾಗೆ ಕರೆಯುವವರಲ್ಲಿ ನಾನೂ ಒಬ್ಬಳು. ಈ ಸಲ ಆ ಮಾತು ಬದಲಿಸುತ್ತೇನೆ. 'ಚಿಕಿತ್ಸೆ ಪಡೆದವರು, ಪಡೆಯುತ್ತಿರುವವರು, ನಮ್ಮ ಜೊತೆ ಈಗ ಇಲ್ಲದವರ ಮನೆಯವರು' ಅಂತ ಮೂವರನ್ನೂ ಕರೆಯುತ್ತೇನೆ. ಹೇಳಿದ್ದಕ್ಕೆ ಥ್ಯಾಂಕ್ಸ್ ಅಕ್ಕ.

ಒಬ್ಬ ಗಂಡಸು

ಚಿಕ್ಕದಾಗಿ ಹೇಳುತ್ತೇನೆ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಈ ಕಾಯಿಲೆ ಬಂದ ನೂರು ಜನರಲ್ಲಿ ಒಬ್ಬರು ಗಂಡಸರು, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ನನಗೆ ಬಂತು. ಮೊಲೆತೊಟ್ಟಿನ ಹಿಂದೆ ಗಟ್ಟಿಯಾಗಿ ಕೈಗೆ ಸಿಕ್ಕಿತ್ತು. ಕೊಬ್ಬಿನ ಗಂಟು ಇರಬೇಕು ಅಂತ ಎಂಟು ತಿಂಗಳು ಬಿಟ್ಟೆ. ನಾಚಿಕೆ ಬೇರೆ. ಆ ಎಂಟು ತಿಂಗಳು ಇನ್ನೊಬ್ಬ ಗಂಡಸಿಗೆ ಹಾಳಾಗಬಾರದು ಅಂತ ನಡೆಯುತ್ತೇನೆ. ಸಾವಿರ ಹೆಂಗಸರ ನಡುವೆ ನಾನೊಬ್ಬ ಕಂಡರೆ ಜನ ಕೇಳುತ್ತಾರೆ, ನಾನು ಹೇಳುತ್ತೇನೆ.

ಅಮ್ಮನಿಗಾಗಿ ನಡೆಯುವ ಮಗಳು

ಹೋಗುವುದಾದರೆ ಒಂದೆರಡು ಮಾತು. ಹೊಸ ಬೂಟು ಅವತ್ತೇ ಹಾಕಿಕೊಳ್ಳಬೇಡಿ, ಹಿಮ್ಮಡಿ ಬೊಬ್ಬೆ ಬರುತ್ತದೆ. ಉಂಗುರ ಮನೆಯಲ್ಲಿ ತೆಗೆದಿಡಿ. ತುಂಬಾ ಹೊತ್ತು ಕೈ ಇಳಿಬಿಟ್ಟು ನಡೆದರೆ ಯಾರಿಗಾದರೂ ಬೆರಳು ಊದಬಹುದು. ಪೂರ್ತಿ ನಡೆಯಲೇಬೇಕು ಅಂತಿಲ್ಲ. ಮಧ್ಯದಲ್ಲಿ ಎಲ್ಲಿ ಹೊರಗೆ ಬರಬಹುದು ಅಂತ ಮೊದಲೇ ನೋಡಿಕೊಳ್ಳಿ, ಧೈರ್ಯ ಇರುತ್ತದೆ. ಪೆನ್ನು ತೆಗೆದುಕೊಂಡು ಹೋಗಿ. ಅಲ್ಲಿ ಇಟ್ಟಿರುವ ಪೆನ್ನು ಬೇಗ ಖಾಲಿಯಾಗುತ್ತವೆ.

ಅಮ್ಮನ ವಿಷಯ ಹೇಳಲಿಲ್ಲ. ಚೆನ್ನಾಗಿದ್ದಾರೆ. ಹೋದ ವರ್ಷ ಕೊನೆಯ ಒಂದು ಕಿಲೋಮೀಟರ್ ನನ್ನ ಜೊತೆ ನಡೆದರು. ಅವರ ಚೀಟಿಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದವರ ಹೆಸರಿತ್ತು.

ಕೇಳಿದವರು

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಎರಡು ವರ್ಷದಿಂದ ನಾವಿಬ್ಬರೂ ಬೇರೆಲ್ಲ ಮಾತಾಡುತ್ತೇವೆ, ಇದೊಂದು ಬಿಟ್ಟು. ಚಿಕ್ಕಮ್ಮನಿಗೆ ಯಾವ ವಯಸ್ಸಿನಲ್ಲಿ ಬಂತು ಅಂತ ಕೇಳಿದೆ. '44' ಅಂದಳು. ಆಮೇಲೆ ಒಂದು ಗಂಟೆ ಮಾತಾಡಿದಳು. ಚಿಕ್ಕಮ್ಮನ ಟ್ಯೂಬಿನ ಅಳತೆ ಬರೆದಿದ್ದ ಪುಸ್ತಕ ಇನ್ನೂ ಅವಳ ಹತ್ತಿರ ಇದೆಯಂತೆ. ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬರುತ್ತೇವೆ ಅಂತ ಮಾತಾಗಿದೆ.

ನಡಿಗೆಗೆ ಅವಳೂ ಬರುತ್ತಾಳೆ. ಚೀಟಿಯಲ್ಲಿ ಹೆಸರು ಬರೆಯಬೇಕಾ, ಅಮ್ಮ ಅಂತ ಬರೆದರೆ ಆಗುತ್ತಾ ಅಂತ ಕೇಳಿದಳು. ಅವಳು ಅಮ್ಮ ಅಂತ ಬರೆಯಲಿ. ನಾನು ಚಿಕ್ಕಮ್ಮ ಅಂತ ಬರೆದುಕೊಳ್ಳುತ್ತೇನೆ.